ಚಿತ್ರಶಿಕ್ಷಕಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್

ಶಿಕ್ಷಣಕ್ಷೇತ್ರದಲ್ಲಿ ಹೆಸರು ಮಾಡಿದವರಲ್ಲಿ ದೊಡ್ಡ ಸಂಸ್ಥೆಗಳನ್ನು ಕಟ್ಟಿದವರುಂಟು, ಗ್ರಂಥಗಳನ್ನು ಬರೆದವರುಂಟು, ಹೊಸ ಪದ್ಧತಿಗಳನ್ನು ಸ್ಥಾಪಿಸಿ ಅವುಗಳಿಗೆ ತಮ್ಮ ಹೆಸರನ್ನಿಟ್ಟು ಹೋದವರೂ ಉಂಟು. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರು ಇವಾವುದನ್ನೂ ಮಾಡಲಿಲ್ಲ. ಅವರು ಬಿಟ್ಟುಹೋದ ಆಸ್ತಿಯೆಂದರೆ ಎರಡು ಪೆಟ್ಟಿಗೆಗಳ ತುಂಬ ಮಕ್ಕಳ ಚಿತ್ರಗಳು. ಅವು ಸುಮಾರು 4,500. ಆ ಚಿತ್ರಗಳನ್ನು ಬರೆದ ಮಕ್ಕಳಲ್ಲಿ ಬಹುಮಂದಿ ಬಾಲ್ಯವನ್ನು ದಾಟಲಿಲ್ಲ; ಬರೆಯಿಸಿದ ಶಿಕ್ಷಕಿಯೂ ಬದುಕಿ ಉಳಿಯಲಿಲ್ಲ. ಆದರೆ ಇಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರಕಲೆಯನ್ನು ಏಕೆ ಕಲಿಸಬೇಕು, ಹೇಗೆ ಕಲಿಸಬೇಕು ಎಂದು ಯಾರಾದರೂ ಆಳವಾಗಿ ಆಲೋಚಿಸತೊಡಗಿದರೆ ಆ ಎರಡು ಪೆಟ್ಟಿಗೆಗಳನ್ನು ತೆರೆದು ನೋಡದೆ ಮುಂದುವರಿಯುವಂತಿಲ್ಲ.

ಫ್ರೀಡ್ಲ್ ಅವರು 1898ನೆಯ ಇಸವಿ ಜುಲೈ 30ರಂದು ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾದಲ್ಲಿ ಒಂದು ಬಡ ಯಹೂದಿ ಕುಟುಂಬದಲ್ಲಿ ಜನಿಸಿದರು. ತಂದೆ ಸೈಮನ್ ಡಿಕರ್ ಅವರು ಕಾಗದ, ಲೇಖನಸಾಮಗ್ರಿಗಳ ಅಂಗಡಿಯೊಂದರಲ್ಲಿ ನೌಕರರಾಗಿದ್ದರು. ಮಗಳಿಗೆ ನಾಲ್ಕು ವರ್ಷವಾಗಿದ್ದಾಗಲೇ ತಾಯಿ ಕರೋಲಿನಾ ತೀರಿಕೊಂಡರು. ತಾಯಿಯಿಲ್ಲದ ಆ ಕೂಸು ತಂದೆಯ ಆಶ್ರಯದಲ್ಲಿ ಬೆಳೆಯಿತು. ಅಂಗಡಿಯ ಕಾಗದ, ಪೆನ್ಸಿಲು, ಬಣ್ಣಗಳೇ ಅದರ ಆಟಿಕೆಗಳಾದವು. ಮುಂದೆ ಚೂರು ಕಾಗದವನ್ನೂ ಬೆಲೆಯುಳ್ಳ ವಸ್ತುವಾಗಿ ಕಾಣುವ ಕಣ್ಣು ಅವರಿಗೆ ಬಂದದ್ದು ಅಲ್ಲಿಂದಲೇ ಎಂದು ಭಾವಿಸುವುದರಲ್ಲಿ ತಪ್ಪಿಲ್ಲ.

1912ರಿಂದ ಎರಡು ವರ್ಷ ಛಾಯಾಗ್ರಹಣ ಹಾಗೂ ಮುದ್ರಣಕಲೆಗಳನ್ನು ಅಭ್ಯಾಸ ಮಾಡಿ, 1915ರಲ್ಲಿ ಅವರು ವಿಯೆನ್ನಾದ ಕರಕುಶಲ ಕಲಾಶಾಲೆಯ ಜವಳಿ ವಿಭಾಗವನ್ನು ಸೇರಿದರು. ಆ ಶಾಲೆಯಲ್ಲಿ ಫ್ರಾಂಜ್ ಚಿಜೆಕ್ ಎಂಬ ಅಧ್ಯಾಪಕರಿದ್ದರು. ಮಕ್ಕಳ ಚಿತ್ರಕಲೆಯ ಇತಿಹಾಸದಲ್ಲಿ ಚಿಜೆಕ್ ಅವರದು ಮೊದಲ ಹೆಸರು. ಬೊಹಿಮಿಯಾದ ಲೈಟ್ಮೆರಿಟ್ಸ್ ಎಂಬ ಊರಿನಲ್ಲಿ 1865ರಲ್ಲಿ ಹುಟ್ಟಿದ ಇವರು ವಿಯೆನ್ನಾದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಬೀದಿಯ ಹುಡುಗರು ಎದುರುಮನೆಯ ಬೇಲಿಯ ಹಲಗೆಗಳ ಮೇಲೆ ಸೀಮೆಸುಣ್ಣದಿಂದ ಗೀಚುತ್ತಿದ್ದುದನ್ನು ಕಂಡು ಬೆರಗಾದರಂತೆ. ಶಾಲೆಯಲ್ಲಿ ಮಾದರಿಗಳನ್ನು ನಕಲು ಮಾಡುವಾಗ ಕಾಣದ ಜೀವಕಳೆ ಆ ಗೀಚುಗಳಲ್ಲಿತ್ತು. 1897ರಲ್ಲಿ ಅವರು ಮಕ್ಕಳಿಗಾಗಿಯೇ ಒಂದು ಚಿತ್ರ ತರಗತಿಯನ್ನು ತೆರೆದರು. ಅಲ್ಲಿ ನಕಲು ಮಾಡುವ ಪಾಠವಿರಲಿಲ್ಲ. ಮಕ್ಕಳು ತಮಗೆ ತೋಚಿದ್ದನ್ನು ತಮ್ಮ ರೀತಿಯಲ್ಲಿ ಮಾಡಬಹುದಾಗಿತ್ತು. ಮಗುವಿನ ಚಿತ್ರ ದೊಡ್ಡವರ ಚಿತ್ರದ ಅಪಕ್ವ ರೂಪವಲ್ಲ, ಅದಕ್ಕೆ ತನ್ನದೇ ಆದ ನಿಯಮಗಳಿವೆ ಎಂಬುದು ಚಿಜೆಕ್ ಅವರ ಸಿದ್ಧಾಂತವಾಗಿತ್ತು. ಫ್ರೀಡ್ಲ್ ಅವರು ಇವರ ಅಲಂಕಾರರೂಪಗಳ ಪಾಠವನ್ನು ಕೇಳಿದರು.

ಎರಡನೆಯ ಗುರು ಜೋಹಾನೆಸ್ ಇಟೆನ್. 1916ರಲ್ಲಿ ವಿಯೆನ್ನಾದಲ್ಲಿ ಇಟೆನ್ ಅವರು ತೆರೆದ ಖಾಸಗಿ ಕಲಾಶಾಲೆಗೆ ಫ್ರೀಡ್ಲ್ ಸೇರಿದರು. ಇಟೆನ್ ಅವರು ತರಗತಿಯನ್ನು ಉಸಿರಾಟದ ಹಾಗೂ ಅಂಗಸಾಧನೆಯ ಅಭ್ಯಾಸಗಳಿಂದ ಆರಂಭಿಸುತ್ತಿದ್ದರು. ಗೆರೆ ಎಳೆಯುವ ಮುನ್ನ ಆ ಗೆರೆಯ ಚಲನೆ ದೇಹದಲ್ಲಿ ಹುಟ್ಟಬೇಕು ಎಂಬುದು ಅವರ ಮತ. ಒರಟು-ನಯ, ಬೆಳಕು-ಕತ್ತಲೆ ಮೊದಲಾದ ವಿರೋಧಗಳನ್ನು ಬೆರಳಿನಿಂದ ಮುಟ್ಟಿ, ಕಣ್ಣಿನಿಂದ ನೋಡಿ, ಅನಂತರ ಕಾಗದದ ಮೇಲೆ ಮೂಡಿಸಬೇಕಾಗಿತ್ತು. ಹಿಂದಿನ ಮಹಾಕಲಾವಿದರ ಕೃತಿಗಳನ್ನು ನಕಲು ಮಾಡುವ ಬದಲು ಅವುಗಳ ಲಯವನ್ನು ಹಿಡಿಯಬೇಕಾಗಿತ್ತು. 1919ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಬೌಹೌಸ್ ಎಂಬ ಪ್ರಖ್ಯಾತ ಕಲಾಶಾಲೆ ಸ್ಥಾಪನೆಯಾಗಿ ಇಟೆನ್ ಅವರು ಅಲ್ಲಿಗೆ ಹೋದಾಗ, ಫ್ರೀಡ್ಲ್ ಅವರೂ ಗುರುವನ್ನು ಹಿಂಬಾಲಿಸಿ ಹೋದರು. 1923ರವರೆಗೆ ಅಲ್ಲಿ ನೇಯ್ಗೆ, ಮುದ್ರಣ, ಪುಸ್ತಕದ ರಟ್ಟು ಕಟ್ಟುವುದು, ರಂಗಸಜ್ಜಿಕೆ ಮೊದಲಾದ ಹಲವು ಕಸುಬುಗಳಲ್ಲಿ ಕೈಯಾಡಿಸಿದರು. ಈ ಶಾಲೆಯ ಕೀರ್ತಿ ನಮ್ಮ ದೇಶಕ್ಕೂ ಬಹುಬೇಗ ಮುಟ್ಟಿತ್ತು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆದ ಪ್ರದರ್ಶನದಲ್ಲಿ ಇಟೆನ್ ಮತ್ತು ಅವರ ಸಹೋದ್ಯೋಗಿಗಳ ಕೃತಿಗಳು ನಮ್ಮ ನವ್ಯಕಲಾವಿದರ ಚಿತ್ರಗಳೊಂದಿಗೆ ತೂಗಾಡಿದ್ದವು.

ವೈಮಾರಿನಿಂದ ಹೊರಬಂದ ಮೇಲೆ ಫ್ರೀಡ್ಲ್ ಅವರು ಸಹಪಾಠಿ ಫ್ರಾಂಜ್ ಸಿಂಗರ್ ಅವರೊಡನೆ ಮೊದಲು ಬರ್ಲಿನ್ನಿನಲ್ಲಿ, ಅನಂತರ ವಿಯೆನ್ನಾದಲ್ಲಿ ವಿನ್ಯಾಸ ಕಾರ್ಯಾಲಯವನ್ನು ನಡೆಸಿದರು. ಚಿಕ್ಕ ಮನೆಗಳಲ್ಲಿ ಸ್ಥಳ ಉಳಿಸುವಂತಹ, ಮಡಚಿಡಬಹುದಾದ, ಒಂದರ ಮೇಲೊಂದು ಜೋಡಿಸಬಹುದಾದ ಮೇಜು ಕುರ್ಚಿಗಳು ಈ ಕಾರ್ಯಾಲಯದ ವೈಶಿಷ್ಟ್ಯವಾಗಿದ್ದುವು. ವಿಯೆನ್ನಾದ ಗಯ್ಟೆಹೋಫ್ ಎಂಬ ಕಾರ್ಮಿಕ ವಸತಿಯಲ್ಲಿ 1930ರ ಸುಮಾರಿಗೆ ಮಾಂಟೆಸರಿ ಶಿಶುವಿಹಾರವೊಂದರ ಒಳಸಜ್ಜನ್ನು ಅವರು ರೂಪಿಸಿದರು. ಮಗುವಿನ ಎತ್ತರಕ್ಕೆ ತಕ್ಕ ಪೀಠೋಪಕರಣಗಳನ್ನು ಅಣಿಮಾಡುವಾಗ ಮಗುವಿನ ಕಣ್ಣಿನ ಮಟ್ಟದಿಂದ ಲೋಕವನ್ನು ನೋಡುವ ಅಭ್ಯಾಸ ಅವರಿಗೆ ಸಹಜವಾಗಿ ಬಂದಿತು. 1931ರಲ್ಲಿ ಶಿಶುವಿಹಾರದ ಶಿಕ್ಷಕಿಯರಿಗೆ ಚಿತ್ರಕಲೆಯನ್ನು ಬೋಧಿಸುವ ಕೆಲಸವನ್ನು ಕೈಗೊಂಡರು. ವಿನ್ಯಾಸಕಾರರಾಗಿ ಪ್ರಸಿದ್ಧರಾಗಿದ್ದವರು ಶಿಕ್ಷಕಿಯಾಗಿ ಮಾರ್ಪಟ್ಟದ್ದು ಇಲ್ಲಿಂದ.

ಅಷ್ಟರಲ್ಲಿ ಯೂರೋಪಿನ ಆಕಾಶದಲ್ಲಿ ಕಾರ್ಮೋಡಗಳು ಕವಿದಿದ್ದವು. ಫ್ಯಾಸಿಸ್ಟ್ ಶಕ್ತಿಗಳ ವಿರುದ್ಧ ಭಿತ್ತಿಪತ್ರಗಳನ್ನು ರಚಿಸಿದ್ದ ಫ್ರೀಡ್ಲ್ ಅವರು 1934ರಲ್ಲಿ ವಿಯೆನ್ನಾದಲ್ಲಿ ಬಂಧಿತರಾದರು. ವಿಚಾರಣೆಯ ಆ ಅನುಭವವನ್ನು ಅವರು ಮುಂದೆ ಚಿತ್ರಗಳಲ್ಲಿ ಮೂಡಿಸಿದರು. ಬಿಡುಗಡೆಯಾದೊಡನೆ ಚೆಕೊಸ್ಲೊವಾಕಿಯಾದ ಪ್ರಾಗ್ ನಗರಕ್ಕೆ ಹೋಗಿ ನೆಲೆಸಿದರು. ಅಲ್ಲಿ ಜರ್ಮನಿ, ಆಸ್ಟ್ರಿಯಾಗಳಿಂದ ಓಡಿಬಂದಿದ್ದ ನಿರಾಶ್ರಿತರ ಮಕ್ಕಳಿಗೆ ಚಿತ್ರಕಲೆಯನ್ನು ಕಲಿಸತೊಡಗಿದರು. ಊರು, ಮನೆ, ಭಾಷೆಗಳನ್ನು ಕಳೆದುಕೊಂಡಿದ್ದ ಆ ಮಕ್ಕಳಿಗೆ ಕಾಗದದ ಮೇಲಿನ ನಾಲ್ಕು ಗೆರೆಗಳು ಎಂತಹ ಆಸರೆಯಾಗಬಲ್ಲವು ಎಂಬುದನ್ನು ಅವರು ಕಣ್ಣಾರೆ ಕಂಡರು. ಈ ತರಗತಿಗಳಲ್ಲಿ ಅವರಿಗೆ ನೆರವಾಗಿದ್ದ ಶಿಷ್ಯೆ ಎಡಿತ್ ಕ್ರಾಮರ್ ಅವರು 1938ರಲ್ಲಿ ಅಮೆರಿಕೆಗೆ ತೆರಳಿ, ಮನೋವ್ಯಥೆಗೊಳಗಾದ ಮಕ್ಕಳಿಗೆ ಚಿತ್ರಕಲೆಯ ಮೂಲಕ ಚಿಕಿತ್ಸೆ ನೀಡುವ ಶಾಸ್ತ್ರದ ಪ್ರವರ್ತಕರಲ್ಲೊಬ್ಬರಾದರು.

1936ರಲ್ಲಿ ಫ್ರೀಡ್ಲ್ ಅವರು ತಾಯಿಯ ಕಡೆಯ ಬಂಧುವಾದ ಪಾವೆಲ್ ಬ್ರಾಂಡೈಸ್ ಅವರನ್ನು ವಿವಾಹವಾದರು. 1938ರಲ್ಲಿ ದಂಪತಿಗಳು ಪ್ರಾಗ್ ನಗರವನ್ನು ಬಿಟ್ಟು ಹ್ರೊನೊವ್ ಎಂಬ ಸಣ್ಣ ಊರಿಗೆ ಹೋಗಿ ಜವಳಿ ಕಾರ್ಖಾನೆಯಲ್ಲಿ ಕೆಲಸ ಮಾಡತೊಡಗಿದರು. 1939ರ ಮಾರ್ಚ್ ತಿಂಗಳಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ನಗರವನ್ನು ಪ್ರವೇಶಿಸಿತು. ಯಹೂದಿಯರ ಉದ್ಯೋಗ, ಮನೆ, ಮಕ್ಕಳ ಶಾಲೆ ಎಲ್ಲವೂ ಒಂದೊಂದಾಗಿ ಕೈಬಿಟ್ಟವು. ಸ್ನೇಹಿತರು ಫ್ರೀಡ್ಲ್ ಅವರಿಗೆ ಪ್ಯಾಲೆಸ್ಟೈನಿಗೆ ಹೋಗುವ ಪರವಾನಗಿಯನ್ನು ದೊರಕಿಸಿಕೊಟ್ಟರು. ಅದು ಪತಿಗೆ ದೊರೆತಿರಲಿಲ್ಲ. ಪತಿಯನ್ನು ಬಿಟ್ಟು ತಾವೊಬ್ಬರೇ ಪಾರಾಗಲು ಅವರು ಒಪ್ಪಲಿಲ್ಲ. 1940ರಲ್ಲಿ ಲಂಡನ್ನಿನ ಕಲಾಗ್ಯಾಲರಿಯೊಂದರಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಚಿತ್ರಗಳು ಸಮುದ್ರದಾಚೆ ಹೋದವು, ಕಲಾವಿದೆ ಇಲ್ಲೇ ಉಳಿದರು.

1942ರ ಡಿಸೆಂಬರಿನಲ್ಲಿ ದಂಪತಿಗಳಿಬ್ಬರನ್ನೂ ಟೆರೆಜಿನ್ ಎಂಬ ಬಂಧನನಗರಕ್ಕೆ ಸಾಗಿಸಲಾಯಿತು. ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ ಆ ಕೋಟೆಯೂರನ್ನು ನಾಜಿಗಳು 1941ರ ನವೆಂಬರ್‌ನಿಂದ ಯಹೂದಿಯರನ್ನು ಕೂಡಿಹಾಕುವ ದೊಡ್ಡಿಯಾಗಿ ಮಾರ್ಪಡಿಸಿದ್ದರು. ಅಲ್ಲಿಗೆ ಒಟ್ಟು 1,40,000ಕ್ಕೂ ಹೆಚ್ಚು ಜನರನ್ನು ತಂದು ತುಂಬಿದರು. ಹಸಿವು, ರೋಗಗಳಿಂದ ಅಲ್ಲಿಯೇ ಸುಮಾರು 33,000 ಜನ ಸತ್ತರು. ಇನ್ನು ಸುಮಾರು 88,000 ಜನರನ್ನು ರೈಲುಗಳಲ್ಲಿ ತುಂಬಿ ಪೂರ್ವದ ಸಂಹಾರ ಶಿಬಿರಗಳಿಗೆ ಕಳುಹಿಸಿದರು. ವಿಧಿಯ ವಿಲಾಸವೋ ಏನೋ, ಚಿಜೆಕ್ ಅವರು ಹುಟ್ಟಿದ ಲೈಟ್ಮೆರಿಟ್ಸ್ ಊರು ಈ ಕೋಟೆಯಿಂದ ಅತಿ ಸಮೀಪದಲ್ಲಿ, ಎಲ್ಬೆ ನದಿಯ ಆಚೆಯ ದಡದಲ್ಲಿದೆ. ಗುರುವಿನ ಜನ್ಮಸ್ಥಳದ ಮಗ್ಗುಲಲ್ಲೇ ಶಿಷ್ಯೆಯ ಕಡೆಯ ಪಾಠಶಾಲೆ ನಡೆಯಬೇಕಾಗಿತ್ತು.

ಸೆರೆಗೆ ಹೋಗುವ ಪ್ರತಿಯೊಬ್ಬರೂ ತಮ್ಮೊಡನೆ 50 ಕಿಲೋಗ್ರಾಂ ಸಾಮಾನನ್ನು ಮಾತ್ರ ಒಯ್ಯಬಹುದಾಗಿತ್ತು. ಚಳಿಗಾಲ, ಎಲ್ಲರೂ ಕಂಬಳಿ, ಬೆಚ್ಚನೆಯ ಬಟ್ಟೆ, ಆಹಾರವಸ್ತುಗಳನ್ನು ಕಟ್ಟಿಕೊಳ್ಳುತ್ತಿದ್ದರು. ಫ್ರೀಡ್ಲ್ ಅವರು ತಮ್ಮ ಪಾಲಿನ ತೂಕದಲ್ಲಿ ಹೆಚ್ಚಿನ ಭಾಗವನ್ನು ಕಾಗದ, ಬಣ್ಣ, ಚಿತ್ರಸಾಮಗ್ರಿಗಳಿಗೆ ಮೀಸಲಿಟ್ಟರು. ಅಲ್ಲಿ ಮಕ್ಕಳಿರುತ್ತಾರೆ, ಅವರಿಗೆ ಇವು ಬೇಕಾಗುತ್ತವೆ ಎಂಬ ಒಂದೇ ಲೆಕ್ಕ ಅವರದು. ಶಿಕ್ಷಕವೃತ್ತಿಯ ಮಹತ್ತ್ವವನ್ನು ಇಷ್ಟು ನಿಚ್ಚಳವಾಗಿ ತೂಗಿ ತೋರಿಸಿದ ಉದಾಹರಣೆ ಅಪರೂಪ.

ಟೆರೆಜಿನ್ನಿನಲ್ಲಿ ಹೆಚ್ಚಿನ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಮಕ್ಕಳ ನಿಲಯಗಳಲ್ಲಿ ಇರಿಸಲಾಗಿತ್ತು. ಮೂರು ಅಂತಸ್ತಿನ ಮರದ ಮಂಚಗಳು ಕಿಕ್ಕಿರಿದ ಕೋಣೆಗಳಲ್ಲಿ ಅವರ ಊಟ, ನಿದ್ರೆ, ಆಟ ಎಲ್ಲವೂ ನಡೆಯಬೇಕಾಗಿತ್ತು. ಕ್ರಮಬದ್ಧ ಶಾಲಾಪಾಠಗಳನ್ನು ಅಧಿಕಾರಿಗಳು ನಿಷೇಧಿಸಿದ್ದರು. ಹಾಡು, ಆಟ, ಚಿತ್ರ, ಕೈಕೆಲಸಗಳಿಗೆ ಮಾತ್ರ ಅಡ್ಡಿಯಿರಲಿಲ್ಲ. ಬಂಧಿತರಾಗಿದ್ದ ಅಧ್ಯಾಪಕರು ಈ ಸಂದಿಯನ್ನೇ ಬಳಸಿಕೊಂಡು ಗುಟ್ಟಾಗಿ ಗಣಿತ, ಇತಿಹಾಸಗಳನ್ನೂ ಕಲಿಸುತ್ತಿದ್ದರು. ಫ್ರೀಡ್ಲ್ ಅವರು ಎಲ್-410 ಎಂಬ ಬಾಲಿಕೆಯರ ನಿಲಯದಲ್ಲಿ ವಾಸಿಸುತ್ತ, ಬಹುಮಟ್ಟಿಗೆ ಹತ್ತರಿಂದ ಹದಿನೈದು ವರ್ಷ ವಯಸ್ಸಿನ ಮಕ್ಕಳಿಗೆ, ಎಂದರೆ ನಮ್ಮ ಮಾಧ್ಯಮಿಕ ಶಾಲೆಯ ವಯಸ್ಸಿನವರಿಗೆ, ಚಿತ್ರಕಲೆಯ ತರಗತಿಗಳನ್ನು ನಡೆಸಿದರು.

ಈ ತರಗತಿಗಳ ಕ್ರಮವನ್ನು ಅಧ್ಯಾಪಕ ವೃಂದದವರು ಕುತೂಹಲದಿಂದ ಗಮನಿಸಬೇಕು. ಮೊದಲಿಗೆ ಕೈಸಡಿಲಿಸುವ ಅಭ್ಯಾಸಗಳು. ಇಟೆನ್ ಅವರಿಂದ ಕಲಿತಂತೆ ಲಯಬದ್ಧವಾಗಿ ಗೆರೆಗಳನ್ನೆಳೆಯುವುದು. ಕೆಲವು ವೇಳೆ ಫ್ರೀಡ್ಲ್ ಅವರು ಒಂದು ಕಥೆಯನ್ನು ಬೇಗಬೇಗನೆ ಹೇಳಿ, ಅದರಲ್ಲಿ ಎರಡು ಸಲ ಬಂದ ವಸ್ತುಗಳನ್ನು ಮಾತ್ರ ಬರೆಯುವಂತೆ ಸೂಚಿಸುತ್ತಿದ್ದರು. ಮಕ್ಕಳು ಕಿವಿಗೊಟ್ಟು ಕೇಳಬೇಕು, ನೆನಪಿಡಬೇಕು, ಆರಿಸಬೇಕು. ಹಸಿದ ಹೊಟ್ಟೆಯ, ಕಳವಳಗೊಂಡ ಮನಸ್ಸಿನ ಮಕ್ಕಳಿಗೆ ಆ ಕ್ಷಣದ ಮಟ್ಟಿಗಾದರೂ ಏಕಾಗ್ರತೆ ಲಭಿಸುತ್ತಿತ್ತು. ಮತ್ತೆ ಕೆಲವು ವೇಳೆ ಹಿಂದಿನ ಮಹಾಕಲಾವಿದರ ಚಿತ್ರಗಳ ಪ್ರತಿಗಳನ್ನು ಮುಂದಿಟ್ಟು, ಅವುಗಳಲ್ಲಿ ಬೆಳಕೆಲ್ಲಿ, ಭಾರವೆಲ್ಲಿ, ಚಲನೆಯೆಲ್ಲಿ ಎಂಬುದನ್ನು ಪ್ರತಿಯೊಬ್ಬರೂ ತಮಗೆ ಕಂಡಂತೆ ತೋರಿಸಲು ಬಿಡುತ್ತಿದ್ದರು. ಒಂದೇ ಮೂಲಚಿತ್ರದಿಂದ ಹತ್ತು ಮಕ್ಕಳು ಹತ್ತು ಬಗೆಯ ಚಿತ್ರಗಳನ್ನು ತೆಗೆಯುತ್ತಿದ್ದರು.

ಈ ಅಭ್ಯಾಸಗಳು ಮುಗಿದ ಮೇಲೆ ಮುಂದಾಳ್ತನ ಮಕ್ಕಳದೇ. ಏನನ್ನು ಬರೆಯಬೇಕು, ಯಾವ ಸಾಮಗ್ರಿಯಿಂದ ಮಾಡಬೇಕು ಎಂಬುದನ್ನು ಮಕ್ಕಳೇ ನಿಶ್ಚಯಿಸುತ್ತಿದ್ದರು. ಕಾಗದ ಸಾಲದು, ಕಚೇರಿಯ ಹಳೆಯ ನಮೂನೆಗಳ ಬೆನ್ನು, ಹೊದಿಕೆಯ ಕಾಗದ, ಬಳಸಿ ಎಸೆದ ಹಾಳೆಗಳು ಎಲ್ಲವೂ ಉಪಯೋಗಕ್ಕೆ ಬಂದವು. ಬಣ್ಣವಿಲ್ಲದಿದ್ದಾಗ ಚೂರು ಕಾಗದಗಳನ್ನು ಹರಿದು ಅಂಟಿಸಿ ಚಿತ್ರ ಮಾಡಿದರು. ಮುದ್ರಿತ ಅಂಕಣಗಳುಳ್ಳ ಕಚೇರಿ ನಮೂನೆಯ ತುಂಡು ಅವರ ಕೈಯಲ್ಲಿ ಮನೆಯ ಗೋಡೆಯಾಯಿತು, ಗುಡ್ಡವಾಯಿತು, ಹೂವಿನ ಕುಂಡವಾಯಿತು. ಇರುವ ಕೆಲವೇ ಪೆನ್ಸಿಲುಗಳನ್ನು ಸರದಿಯ ಮೇಲೆ ಬಳಸಬೇಕಾಗಿದ್ದುದರಿಂದ ಹಂಚಿಕೊಳ್ಳುವುದು, ಕಾಯುವುದು, ಪಕ್ಕದವರಿಗೆ ನೆರವಾಗುವುದು ಇವೂ ಪಾಠದ ಅಂಗಗಳಾದವು. ಚೆದುರಿದ ಮಕ್ಕಳ ಗುಂಪೊಂದು ಹೀಗೆ ಒಟ್ಟಾಗಿ ದುಡಿಯುವ ತಂಡವಾಗಿ ಮಾರ್ಪಡುವುದನ್ನು ಫ್ರೀಡ್ಲ್ ಅವರು ಚಿತ್ರದ ಅಂದಕ್ಕಿಂತಲೂ ಹೆಚ್ಚಿನ ಫಲವೆಂದು ಎಣಿಸಿದ್ದರು.

ಮಕ್ಕಳು ಬರೆದದ್ದಾದರೂ ಏನು? ಬಿಟ್ಟುಬಂದ ಮನೆ, ಊಟದ ಮೇಜು, ತೋಟ, ಚಿಟ್ಟೆ, ಹೂವು, ಹಬ್ಬದ ದೀಪ ಇವು ಹೆಚ್ಚು. ಜೊತೆಗೆ ಸಾಲುಮಂಚಗಳು, ಊಟಕ್ಕೆ ನಿಂತ ಸಾಲು, ಕಾವಲುಗಾರ, ಶವದ ಗಾಡಿ ಇವೂ ಇವೆ. ಇದನ್ನೇ ಬರೆಯಿರಿ, ಅದನ್ನು ಬಿಡಿ ಎಂದು ಶಿಕ್ಷಕಿ ಕಟ್ಟು ಹಾಕಲಿಲ್ಲ. ದುಃಖದ ಚಿತ್ರವನ್ನು ತಿದ್ದಿ ನಗಿಸುವ ಪ್ರಯತ್ನವನ್ನೂ, ಸಂತೋಷದ ಚಿತ್ರವನ್ನು ಕಂಡು ಮಗು ವಾಸ್ತವವನ್ನು ಮರೆತಿದೆಯೆಂದು ಆಕ್ಷೇಪಿಸುವ ಕೆಲಸವನ್ನೂ ಅವರು ಮಾಡಲಿಲ್ಲ.

1943ರ ಜುಲೈ ತಿಂಗಳಲ್ಲಿ, ಹಿಂದೆ ಊರ ಶಾಲೆಯಾಗಿದ್ದು ಆಗ ಬಾಲಕರ ನಿಲಯವಾಗಿದ್ದ ಎಲ್-417 ಕಟ್ಟಡದ ನೆಲಮಾಳಿಗೆಯಲ್ಲಿ ಈ ಚಿತ್ರಗಳ ಪ್ರದರ್ಶನ ನಡೆಯಿತು. ಅದೇ ವರ್ಷ ಫ್ರೀಡ್ಲ್ ಅವರು ನಿಲಯಗಳ ಶಿಕ್ಷಕರ ಮುಂದೆ ಮಕ್ಕಳ ಚಿತ್ರಕಲೆಯನ್ನು ಕುರಿತು ಒಂದು ಉಪನ್ಯಾಸ ನೀಡಿದರು. ಚಿತ್ರಪಾಠದ ಉದ್ದೇಶ ಎಲ್ಲ ಮಕ್ಕಳನ್ನೂ ಕಲಾವಿದರನ್ನಾಗಿ ಮಾಡುವುದಲ್ಲ. ಅವರೊಳಗಿನ ಸೃಷ್ಟಿಶಕ್ತಿಯನ್ನು, ಸ್ವತಂತ್ರವಾಗಿ ನೋಡುವ ಕಣ್ಣನ್ನು ಎಚ್ಚರಿಸುವುದು ಎಂಬುದು ಅದರ ಸಾರ. ದೊಡ್ಡವರು ತಮ್ಮ ಅಭಿರುಚಿಯನ್ನು ಅವಸರದಿಂದ ಮಗುವಿನ ಮೇಲೆ ಹೇರಿದರೆ ಮಗು ತನ್ನ ಅನುಭವದಿಂದಲೇ ದೂರವಾಗುತ್ತದೆ ಎಂದು ಅವರು ಎಚ್ಚರಿಸಿದರು. ಅಂದವಾದ, ಪ್ರದರ್ಶನಯೋಗ್ಯವಾದ ಚಿತ್ರಗಳನ್ನು ಮಕ್ಕಳಿಂದ ಮಾಡಿಸಿ ಮೆಚ್ಚುಗೆ ಗಳಿಸುವುದು ಯಾವ ಕಾಲದ ಶಿಕ್ಷಕರಿಗೂ ಸುಲಭವಾದ ಆಸೆ. ಸಾವಿನ ನೆರಳಿನಲ್ಲಿ ಕುಳಿತಿದ್ದ ಶಿಕ್ಷಕಿಯೊಬ್ಬರು ಆ ಆಸೆಗೆ ಒಳಗಾಗದೆ, ಮಗುವಿನ ಹಕ್ಕಿನ ಪರವಾಗಿ ಶಾಂತವಾಗಿ ವಾದಿಸಿದರೆಂಬುದು ವಿಸ್ಮಯದ ಸಂಗತಿ.

ಇನ್ನೊಂದು ನಿಯಮವನ್ನು ಅವರು ಕಟ್ಟುನಿಟ್ಟಾಗಿ ಪಾಲಿಸಿದರು. ಪ್ರತಿಯೊಂದು ಮಗುವೂ ತನ್ನ ಚಿತ್ರದ ಮೇಲೆ ತನ್ನ ಹೆಸರನ್ನು ಬರೆಯಬೇಕು. ಸೆರೆಯೂರಿನಲ್ಲಿ ಮನುಷ್ಯರನ್ನು ಸಂಖ್ಯೆಗಳಿಂದ ಗುರುತಿಸುತ್ತಿದ್ದ ದಿನಗಳವು. ಫ್ರೀಡ್ಲ್ ಅವರ ಸಂಖ್ಯೆ 548. ಚಿತ್ರದ ಮೂಲೆಯಲ್ಲಿ ಮಾತ್ರ ಮಗು ಸಂಖ್ಯೆಯಾಗಿರದೆ ಹೆಸರುಳ್ಳ ವ್ಯಕ್ತಿಯಾಗಿತ್ತು. ಆಶ್ಚರ್ಯವೆಂದರೆ, ಅಲ್ಲಿ ಅವರೇ ರಚಿಸಿದ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಅವರ ಸಹಿ ಇಲ್ಲ.

1944ರ ಸೆಪ್ಟೆಂಬರ್ 28ರಂದು ಪಾವೆಲ್ ಅವರನ್ನು ಟೆರೆಜಿನ್ನಿನಿಂದ ಔಷ್‌ವಿಟ್ಸ್‌ಗೆ ಸಾಗಿಸಲಾಯಿತು. ಪತಿಯನ್ನು ಸೇರಬೇಕೆಂದು ಫ್ರೀಡ್ಲ್ ಅವರು ತಾವಾಗಿಯೇ ಮುಂದಿನ ರೈಲಿಗೆ ಹೆಸರು ಕೊಟ್ಟರು. ಅಕ್ಟೋಬರ್ 6ರಂದು ಹೊರಟ ಆ ರೈಲಿನಲ್ಲಿ ಅವರ ಶಿಷ್ಯರು ಹಲವರಿದ್ದರು. ಅಕ್ಟೋಬರ್ 9ರಂದು ಬಿರ್ಕೆನೌ ಶಿಬಿರದಲ್ಲಿ ಅವರ ಜೀವನ ಕೊನೆಗೊಂಡಿತು. ಅವರಿಗಾಗ ನಲವತ್ತಾರು ವರ್ಷ. ಪತಿ ಪಾವೆಲ್ ಅವರು ಬದುಕಿ ಉಳಿದರು. ಪತಿಯ ಸಲುವಾಗಿ ಎರಡು ಬಾರಿ ತಮ್ಮ ಪ್ರಾಣವನ್ನು ಪಣಕ್ಕಿಟ್ಟ ಆ ಸಾಧ್ವಿಗೆ ಈ ಸಂಗತಿ ತಿಳಿಯಲೇ ಇಲ್ಲ.

ಹೊರಡುವ ಮುನ್ನ ಮಕ್ಕಳ ಚಿತ್ರಗಳನ್ನೆಲ್ಲ ಎರಡು ಪೆಟ್ಟಿಗೆಗಳಲ್ಲಿ ತುಂಬಿಸಿ ಇರಿಸಲಾಗಿತ್ತು. ಅವು ಬಾಲಿಕೆಯರ ನಿಲಯದಲ್ಲಿಯೇ ಉಳಿದವು. 1945ರ ಮೇ ತಿಂಗಳಲ್ಲಿ ಟೆರೆಜಿನ್ ಬಿಡುಗಡೆಯಾಯಿತು. ಆ ನಿಲಯದ ಮೇಲ್ವಿಚಾರಕರಾಗಿದ್ದ ವಿಲಿ ಗ್ರೋಗ್ ಅವರು ಆಗಸ್ಟ್ ತಿಂಗಳಲ್ಲಿ ಪೆಟ್ಟಿಗೆಗಳನ್ನು ಹೊತ್ತು ತಂದು ಪ್ರಾಗ್ ನಗರದ ಯಹೂದಿ ಸಮಾಜದ ವಶಕ್ಕೆ ಒಪ್ಪಿಸಿದರು. ಇಂದು ಅವು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದ ಸಂಪತ್ತು. ಅಲ್ಲಿನ ವಿದ್ವಾಂಸರು ಚಿತ್ರಗಳ ಮೇಲಿನ ಹೆಸರುಗಳನ್ನು ರೈಲುಗಳ ಪಟ್ಟಿಗಳೊಡನೆ ಹೋಲಿಸಿ, ಯಾವ ಮಗು ಎಂದು ಹುಟ್ಟಿತು, ಎಲ್ಲಿಗೆ ಹೋಯಿತು, ಉಳಿಯಿತೋ ಅಳಿಯಿತೋ ಎಂಬುದನ್ನು ಗುರುತಿಸಿದರು. ಅನೇಕ ಮಕ್ಕಳು ಭೂಮಿಯ ಮೇಲೆ ಬಾಳಿದ್ದರೆಂಬುದಕ್ಕೆ ಅವರ ಕೈಯಿಂದಲೇ ಬಂದು ಉಳಿದ ಕುರುಹು ಆ ಒಂದೆರಡು ಚಿತ್ರಗಳು ಮಾತ್ರ. ಮಕ್ಕಳ ಕೈಯಲ್ಲಿ ಹೆಸರು ಬರೆಯಿಸಿದ ಆ ಪುಟ್ಟ ನಿಯಮ ಎಷ್ಟು ದೊಡ್ಡದಾಗಿತ್ತೆಂಬುದು ಆಗ ಅರಿವಿಗೆ ಬಂದಿತು.

ಬಹುಕಾಲ ಲೋಕ ಚಿತ್ರಗಳನ್ನು ಕಂಡಿತೇ ಹೊರತು ಅವುಗಳ ಹಿಂದಿದ್ದ ಶಿಕ್ಷಕಿಯನ್ನು ಅಷ್ಟಾಗಿ ಕಾಣಲಿಲ್ಲ. 1999ರಲ್ಲಿ ವಿಯೆನ್ನಾದಲ್ಲಿ ಆರಂಭಗೊಂಡು ಹಲವು ದೇಶಗಳಲ್ಲಿ ಸಂಚರಿಸಿದ ಪ್ರದರ್ಶನವೊಂದು ಅವರ ಸ್ವಂತ ಕೃತಿಗಳನ್ನೂ ಮಕ್ಕಳ ಕೃತಿಗಳನ್ನೂ ಒಟ್ಟಿಗೆ ಜನರ ಮುಂದಿರಿಸಿತು. ಶಿಷ್ಯೆ ಎಡಿತ್ ಕ್ರಾಮರ್ ಅವರು 2014ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಶಾಸ್ತ್ರದ ಬೇರು ಪ್ರಾಗ್ ನಗರದ ಆ ಪುಟ್ಟ ತರಗತಿಯಲ್ಲಿತ್ತೆಂಬುದನ್ನು ಮರೆಯಲಿಲ್ಲ.

ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯನ್ನು ಬಿಡುವಿನ ಅವಧಿಯೆಂದು ಎಣಿಸುವ ವಾಡಿಕೆ ಇನ್ನೂ ಅಳಿದಿಲ್ಲ. ಪರೀಕ್ಷೆ ಸಮೀಪಿಸಿದೊಡನೆ ಮೊದಲು ಕೈಬಿಡುವುದು ಅದನ್ನೇ. ಎಲ್ಲವನ್ನೂ ಕಿತ್ತುಕೊಂಡ ಸ್ಥಳದಲ್ಲಿ, ನಾಳೆಯೆಂಬುದೇ ನಿಶ್ಚಯವಿಲ್ಲದ ಮಕ್ಕಳಿಗೆ, ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರು ಕೈಬಿಡದೆ ಉಳಿಸಿಕೊಟ್ಟದ್ದು ಆ ಒಂದು ಅವಧಿಯನ್ನು. ಅವರು ಕಲಿಸಿದ ಮಕ್ಕಳಲ್ಲಿ ಪದವಿ ಪಡೆದು ಕೀರ್ತಿ ತಂದವರು ಎಷ್ಟು ಮಂದಿ ಎಂದು ಕೇಳುವಂತಿಲ್ಲ. ಆದರೆ ಪ್ರಾಗ್ ನಗರದಲ್ಲಿ, ಹಳೆಯ ಕಚೇರಿ ಕಾಗದದ ಬೆನ್ನಿನ ಮೇಲೆ, ಹರಿದು ಅಂಟಿಸಿದ ಮನೆಯೊಂದರ ಮೂಲೆಯಲ್ಲಿ, ಮಗುವೊಂದು ತನ್ನ ಕೈಯಾರೆ ಬರೆದ ಹೆಸರು ಇಂದಿಗೂ ಓದಲು ಸಿಗುತ್ತದೆ.